ಹಾಡಿಯ ದೇವರ ಜಾಗ, ಹಾಡು, ಗಡಿ ದಾಖಲಿಸಲು ಎಲ್ಲಿಂದ ಶುರು ಮಾಡಬೇಕು? ಯಾವುದನ್ನು ಬರೆಯಲೇಬಾರದು?

ಘಟ್ಟದಂಚು (ಪ್ರಶ್ನೆ)

ಪಶ್ಚಿಮ ಘಟ್ಟದ ಮಳೆಕಾಡಿನೊಳಗಿನ ಒಂದು ಹಾಡಿ (ಆದಿವಾಸಿಗಳ ಊರು), 38 ಮನೆ. ಯಜಮಾನರು, ಪೂಜೆ ಮಾಡುವ ಹಿರಿಯರು, ಜೇನು ಕೀಳುವವರು ಕೂತು ಮಾತಾಡಿ, ತಮ್ಮ ದೇವರ ಜಾಗ, ಸಮಾಧಿ, ನೀರಿನ ಸೆಲೆ, ಹಾಡುಗಳನ್ನು ದಾಖಲಿಸಬೇಕೆಂದು ತೀರ್ಮಾನಿಸಿದ್ದಾರೆ. ಹೊರಗಿನ ನಾಲ್ಕೈದು ಜನ ಅವರ ಬೆನ್ನಿಗಿದ್ದೇವೆ. ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕಿನ (ಸುತ್ತಲಿನ ಕಾಡನ್ನು ಹಾಡಿಯವರೇ ಕಾಯುವ, ನಿರ್ವಹಿಸುವ ಹಕ್ಕು) ಅರ್ಜಿ ಇನ್ನೂ ಹಾಕಿಲ್ಲ.

ನಕಾಶೆ ಮೊದಲೋ ಅರ್ಜಿ ಮೊದಲೋ? ಮೊಬೈಲ್ ಜಿಪಿಎಸ್ ಸಾಕೇ? ರೆಕಾರ್ಡ್ ಮಾಡಿದ ಹಾಡು ಯಾರ ಹತ್ತಿರ ಇರಬೇಕು? ಇನ್ನೊಂದು ತೊಡಕು: ಇಬ್ಬರು ಹಿರಿಯರು ಸಮಾಧಿ ಜಾಗ ತೋರಿಸಲು ಒಪ್ಪುತ್ತಿಲ್ಲ. ಅದಿಲ್ಲದೆ ಅರ್ಜಿ ನಿಲ್ಲುತ್ತದೆಯೇ?

ಅಬ್ಬಿಹಳ್ಳ (ಉತ್ತರ)

ನಕಾಶೆ ಮೊದಲು. ಆದರೆ ಜಿಪಿಎಸ್ ಹಿಡಿದು ಹೊರಡಬೇಡಿ. ಮೊದಲು ಅಂಗಳದ ಮಣ್ಣಿನ ಮೇಲೆ ಹಳ್ಳಗಳನ್ನು ಗೀಚಲು ಹೇಳಿ. ಕಾಡಿನವರ ಲೆಕ್ಕ ಹಳ್ಳ, ದಿಣ್ಣೆ, ಬಂಡೆಯ ಮೇಲೆ ನಿಂತಿದೆ. ಅಚ್ಚಾದ ಹಾಳೆಯನ್ನು ಮುಂದಿಟ್ಟರೆ ಓದಿದ ಹುಡುಗರೇ ಮಾತಾಡುತ್ತಾರೆ, ಹಿರಿಯರು ಸುಮ್ಮನೆ ಎಲೆ ಅಡಿಕೆ ಹಾಕುತ್ತಾ ಕೂರುತ್ತಾರೆ. ನೆಲದ ಚಿತ್ರಕ್ಕೆ ಎಲ್ಲರೂ ಹೂಂ ಅಂದ ಮೇಲೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯನ್ನು 1:10,000ಕ್ಕೆ ಹಿಗ್ಗಿಸಿಕೊಳ್ಳಿ. ಆಗ 1 ಸೆಂ.ಮೀ. ಅಂದರೆ 100 ಮೀಟರ್. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ನೀರಿಗೊಂದು, ದೇವರಿಗೊಂದು, ಜೇನು ಮರಕ್ಕೊಂದು ಬೇರೆ ಬೇರೆ ಹಾಳೆ ಮಾಡಿ. ಯಾವುದನ್ನು ಹೊರಗೆ ಕೊಡಬೇಕು, ಯಾವುದನ್ನು ಹಾಡಿಯಲ್ಲೇ ಇಡಬೇಕು ಎಂದು ಆಮೇಲೆ ತೀರ್ಮಾನಿಸುವುದು ಸುಲಭ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಜಾಗಗಳನ್ನು ನಕಾಶೆಗೆ ತಂದಾಗ ಕುಲದ ಎಲ್ಲೆ, ಅದರೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂಬ ತಮ್ಮದೇ ವಿಂಗಡಣೆಯನ್ನು ಇಟ್ಟುಕೊಂಡರು. ಅದನ್ನೇ ನಕಲು ಮಾಡಬೇಡಿ, ನಿಮ್ಮ ಹಾಡಿಯವರದು ಬೇರೆ ಇರುತ್ತದೆ. 'ಧಾರ್ಮಿಕ ಸ್ಥಳ' ಎಂಬ ಒಂದೇ ಕಾಲಂನಲ್ಲಿ ಎಲ್ಲ ತುಂಬಿದರೆ ಯಾರು, ಯಾವಾಗ, ಎಲ್ಲಿಯವರೆಗೆ ಹೋಗಬಹುದು ಎಂಬ ಕಟ್ಟುಪಾಡೇ ನಕಾಶೆಯಿಂದ ಬಿದ್ದುಹೋಗುತ್ತದೆ.

ಮೊಬೈಲ್ ಜಿಪಿಎಸ್ ಸಾಕು, ಆತುರ ಮಾಡಬಾರದು ಅಷ್ಟೇ. ದಟ್ಟ ಮರದಡಿ ತೆರೆದ ಕೂಡಲೇ ಬರುವ ಬಿಂದು 20–30 ಮೀಟರ್ ಆಚೀಚೆ ಇರಬಹುದು. ಐದು ನಿಮಿಷ ನಿಂತು ಅಂಕಿ ನೆಲೆಗೊಂಡ ಮೇಲೆ ಬರೆದುಕೊಳ್ಳಿ. ಸರಿಯಾಗಿ ಸಿಗದಿದ್ದರೆ ಹತ್ತಿರದ ಬಯಲಿನಲ್ಲಿ ಬಿಂದು ಹಿಡಿದು, ಅಲ್ಲಿಂದ ದಿಕ್ಕು, ದೂರ ಬರೆಯಿರಿ. ಎಲ್ಲಕ್ಕಿಂತ ದೊಡ್ಡ ಎಡವಟ್ಟು ಡಿಗ್ರಿ ಮತ್ತು ನಿಮಿಷದ್ದು. 11 ಡಿಗ್ರಿ 59 ನಿಮಿಷವನ್ನು 11.59 ಎಂದು ಬರೆದರೆ ಜಾಗ ಸುಮಾರು 43 ಕಿ.ಮೀ. ದಕ್ಷಿಣಕ್ಕೆ ಓಡುತ್ತದೆ. ಮೊದಲ ದಿನವೇ ದಶಮಾಂಶಕ್ಕೆ ಸೆಟ್ ಮಾಡಿ ಬೀಗ ಹಾಕಿ. ಐದು ದಶಮಾಂಶ ಇದ್ದರೆ ಸುಮಾರು 1 ಮೀಟರ್ ನಿಖರತೆ, ಅದಕ್ಕಿಂತ ಹೆಚ್ಚು ಬೇಡ. ಹೊರಗೆ ತೋರಿಸುವ ನಕಾಶೆಯಲ್ಲಿ ಎರಡೇ ದಶಮಾಂಶ ಉಳಿಸಿದರೆ ಜಾಗ ಒಂದು ಕಿ.ಮೀ. ಮಬ್ಬಾಗುತ್ತದೆ. ಫೋಟೋ ಫೈಲಿನೊಳಗೂ ಸ್ಥಳದ ಅಂಕಿ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಡುವುದೇ ಕ್ಷೇಮ.

ನಮೂನೆ ಸಿ

ಅರ್ಜಿ ನಿಲ್ಲುವುದಿಲ್ಲ, ಹಿರಿಯರನ್ನು ಒತ್ತಾಯಿಸಬೇಡಿ. ಅರಣ್ಯ ಹಕ್ಕು ನಿಯಮ 13ರಲ್ಲಿ ಸಮಾಧಿ ಜಾಗ ಹಲವು ಸಾಕ್ಷ್ಯಗಳಲ್ಲಿ ಒಂದು. ಗೆಡ್ಡೆ, ಹಣ್ಣು ಆಯುವ ಜಾಗ, ಮೀನು ಹಿಡಿಯುವ ಮಡು, ನೀರಿನ ಸೆಲೆ, ನಾಟಿ ವೈದ್ಯರು ಮದ್ದು ಕೀಳುವ ಪ್ರದೇಶ, ದೇವರ ಮರ, ದೇವರ ಕಾಡು, ಬರವಣಿಗೆಗೆ ಇಳಿಸಿದ ಹಿರಿಯರ ಹೇಳಿಕೆ, ಎಲ್ಲವೂ ನಡೆಯುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಇರಬೇಕು ಅಷ್ಟೇ. ಇಂಥದ್ದೇ ಕಾಗದ ತನ್ನಿ ಎಂದು ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವಂತಿಲ್ಲ. ಸಮಾಧಿ ನಿಮ್ಮ ಗಡಿಯೊಳಗೆ ಬಂದರೆ ಸಾಕು, ಬಿಂದು ಬೇಕಿಲ್ಲ.

ಸಭೆ ಹಾಡಿ ಮಟ್ಟದ್ದೇ ಆಗಲಿ, ಇಡೀ ಪಂಚಾಯಿತಿಯದು ಬೇಡ. ಅಲ್ಲಿ ಹಾಡಿಯವರು ಮೂಲೆಗೆ ಬೀಳುತ್ತಾರೆ. ಅರಣ್ಯ ಹಕ್ಕು ಸಮಿತಿಗೆ 10ರಿಂದ 15 ಜನ. 2012ರ ತಿದ್ದುಪಡಿಯಂತೆ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರ ಕೋರಂ ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಹಿ, ಹೆಬ್ಬೆಟ್ಟಿನ ಹಾಳೆಯಲ್ಲಿ ಈ ಲೆಕ್ಕ ಕಾಣದಿದ್ದರೆ ಅರ್ಜಿ ತಿರುಗಿ ಬರಲು ಅದೊಂದೇ ನೆಪ ಸಾಕು.

ಕಿರು ಅರಣ್ಯ ಉತ್ಪನ್ನ, ಮೀನು, ಮೇವಿಗೆ ನಮೂನೆ ಬಿ. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ ನಮೂನೆ ಸಿ. ಎರಡನ್ನೂ ಒಟ್ಟಿಗೇ ಹಾಕಿ. ಬರೀ ಬಿ ಹಾಕಿ ಸುಮ್ಮನಾಗುವವರೇ ಜಾಸ್ತಿ, ಆಗ ಜೇನು ಸಿಗುತ್ತದೆ, ಕಾಡಿನ ಮೇಲೆ ಮಾತು ನಡೆಯುವುದಿಲ್ಲ. ನಿಮ್ಮ ಗಡಿ ಪಕ್ಕದ ಹಾಡಿಯ ಗಡಿಯ ಮೇಲೆ ಬಿದ್ದರೆ ಎರಡೂ ಸಮಿತಿ ಕೂತು ಬಗೆಹರಿಸಬೇಕು, ಆಗದಿದ್ದರೆ ಮಾತ್ರ ಉಪವಿಭಾಗ ಸಮಿತಿಗೆ. ಸ್ಥಳ ಪರಿಶೀಲನೆಯ ದಿನಾಂಕವನ್ನು ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಅವರು ಬಾರದೆ, ಆಮೇಲೆ 'ನಾವಿರಲಿಲ್ಲ' ಎಂದು ಅರಣ್ಯ ಇಲಾಖೆ ತಕರಾರು ತೆಗೆದರೆ ಆ ಸ್ವೀಕೃತಿಯೇ ನಿಮ್ಮ ಗುರಾಣಿ.

ಹುಲಿ ರಕ್ಷಿತಾರಣ್ಯದಲ್ಲಿ ಇದೆಲ್ಲ ಆಗಲ್ಲ ಎಂದು ಯಾರಾದರೂ ಅಂದರೆ ಬಿಳಿಗಿರಿಯನ್ನು ತೋರಿಸಿ. 2011ರಲ್ಲಿ ಅದು ಹುಲಿ ರಕ್ಷಿತಾರಣ್ಯವಾಯಿತು, ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಪತ್ರವೂ ಬಂತು.

ಧ್ವನಿಸುರುಳಿ

ಹಾಡಿನ ಬಗ್ಗೆ. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಮೊನೊ. ಗಂಟೆಗೆ ಸುಮಾರು 520 ಎಂಬಿ ಬೇಕು. ಒಬ್ಬರೇ ಹಾಡಿದರೆ ಮೈಕ್ ಒಂದು ಗೇಣು ದೂರ, ಸುತ್ತು ಕಟ್ಟಿ ಕುಣಿದರೆ ಒಂದೂವರೆ ಮೀಟರ್, ಎದೆಯೆತ್ತರದಲ್ಲಿ. ಏರುದನಿ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಿರಲಿ. ಮುಸ್ಸಂಜೆಗೆ ಜೀರುಂಡೆ ಶುರುವಾದರೆ ಯಾವ ಸಾಫ್ಟ್‌ವೇರೂ ದನಿಯನ್ನು ಬಿಡಿಸಿ ಕೊಡುವುದಿಲ್ಲ. ತಗಡಿನ ಸೂರಿನಡಿ ಮಳೆ ಬಂದರಂತೂ ಮುಗಿಯಿತು. ಮಳೆಕಾಡಿನ ತೇವಕ್ಕೆ ಲೆನ್ಸಿಗೂ ಮೈಕಿಗೂ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಒಪ್ಪಿಗೆಯನ್ನು ಒಬ್ಬರಿಂದ ಒಂದೇ ಸಲ ಪಡೆದು ಮುಗಿಸಬೇಡಿ. ಪ್ರತಿಯೊಂದು ಹಾಡಿನ ಜೊತೆಗೂ ಯಾರು ಹಾಡಿದರು, ಹಾಡು ಯಾವ ಕುಲದ್ದು, ಯಾವ ಸಂದರ್ಭದ್ದು, ಯಾರು ಕೇಳಬಹುದು ಎಂದು ಬರೆದು, ಹಾಡಿದವರ ಮುಂದೆ ಮತ್ತೆ ಓದಿ ಹೇಳಿ. ಸಾವಿನ ಹಾಡನ್ನು ಸಾವಿಲ್ಲದ ದಿನ ಹಾಡಿಸಲು ಹೋಗಬೇಡಿ. ಮೂಲ ಪ್ರತಿ ಹಾಡಿಯಲ್ಲಿ, ಇನ್ನೊಂದು ಗ್ರಾಮಸಭೆ ಆರಿಸಿದ ಬೇರೆ ಊರಿನ ಕಡೆ, ಮೂರನೆಯದು ನಿಮ್ಮಲ್ಲಿ. ನಿಮ್ಮಲ್ಲಿರುವುದನ್ನು ಅವರು ಕೇಳಿದ ದಿನ ಅಳಿಸಬೇಕೆಂದು ಠರಾವಿನಲ್ಲೇ ಬರೆಸಿ.

ಹೊಳೆಮತ್ತಿ

ಮೇಲಿನದ್ದೆಲ್ಲ ಸರಿ. ಆದರೆ ಹಾರ್ಡ್ ಡಿಸ್ಕಿನಲ್ಲಿ ಜೇನಿನ ಹಾಡು ಇದ್ದು, ಕಾಡಿಗೆ ಜೇನಿಗೆ ಹೋಗುವಂತಿಲ್ಲ ಎಂದರೆ ಏನು ಬಂತು? ಸೋಲಿಗರು ನೆಲ್ಲಿ ಮರದ ಮೇಲೆ ಬೆಳೆಯುವ ಪರಾವಲಂಬಿ ಗಿಡಕ್ಕೆ ಉಪ್ಪಿಲು ಅನ್ನುತ್ತಾರೆ. ಬೇಸಿಗೆಯ ಮೊದಲಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಉಪ್ಪಿಲೂ ಲಂಟಾನವೂ ಹೆಚ್ಚಿತೆಂದು ಅವರು ಹೇಳುತ್ತಲೇ ಬಂದಿದ್ದಾರೆ. ನೆಲ್ಲಿಕಾಯಿ ಕೀಳಲು ಮರದ ಹತ್ತಿರ ಹೋದವರಿಗೆ ತಾನೇ ಉಪ್ಪಿಲು ಕಣ್ಣಿಗೆ ಬೀಳುವುದು? ಅಭಯಾರಣ್ಯಗಳಲ್ಲಿ ಮಾರಾಟಕ್ಕೆಂದು ಕಾಡಿನ ಉತ್ಪನ್ನ ಆಯುವುದು 2002ರ ವನ್ಯಜೀವಿ ಕಾಯ್ದೆ ತಿದ್ದುಪಡಿಯಿಂದ ನಿಂತಾಗ ಆ ಕಣ್ಣೂ ಹೋಯಿತು. ಒಂದು ಎಚ್ಚರಿಕೆ: ಬೆಂಕಿಯ ಆ ತಿಳಿವಳಿಕೆ ಎಲೆಯುದುರುವ ಕಾಡಿನದು. ನಿಮ್ಮ ನಿತ್ಯಹರಿದ್ವರ್ಣ ಕಾಡಿಗೆ ಅದನ್ನು ತಂದರೆ ಕಾಡೇ ಹಾಳಾಗುತ್ತದೆ.

ನಿಮಗೆ ಹತ್ತಿರದ ಮಾದರಿ ಕೇರಳದ ವಾಳಚ್ಚಾಲ್‌ನ ಕಾಡರ್ ಸಮುದಾಯ, ಅದು ನಿಜವಾದ ಮಳೆಕಾಡು. 2014ರಲ್ಲಿ ಅಲ್ಲಿನ ಒಂಬತ್ತು ಊರುಗಳಿಗೆ ಸುಮಾರು 400 ಚದರ ಕಿ.ಮೀ. ಮೇಲೆ ಹಕ್ಕು ಸಿಕ್ಕಿತು. ಮುಖ್ಯಸ್ಥೆ ವಿ.ಕೆ. ಗೀತಾ ಅದೇ ಗ್ರಾಮಸಭೆಯ ಬಲದಿಂದ 163 ಮೆಗಾವಾಟ್‌ನ ಅತಿರಪ್ಪಿಳ್ಳಿ ಅಣೆಕಟ್ಟಿನ ವಿರುದ್ಧ ನಿಂತರು. ಹಿಂದೆ ಮಂಗಟ್ಟೆ ಹಕ್ಕಿಯ ಮರಿಗಳನ್ನು ಗೂಡಿನಿಂದ ತೆಗೆಯುತ್ತಿದ್ದವರ ಮನೆಯವರೇ ಈಗ ಗೂಡಿನ ಮರಗಳನ್ನು ಕಾಯುತ್ತಿದ್ದಾರೆ. ಮರ ಗುರುತಿಸುವ ಜ್ಞಾನ ಅದೇ, ಕೆಲಸ ಬೇರೆ. ದೂರದ ಉದಾಹರಣೆಯೂ ಬೇಕಾದರೆ ಈಕ್ವೆಡಾರ್‌ನ ಮೂಲನಿವಾಸಿ ವಾವೊರಾನಿಗಳು: ತಾವೇ ಬರೆದ ನಕಾಶೆ ಹಿಡಿದು, ನೆಮೊಂತೆ ನೆಂಕಿಮೊ ಮುಂದಾಳತ್ವದಲ್ಲಿ, 2019ರಲ್ಲಿ ತೈಲ ಹರಾಜಿನ ವಿರುದ್ಧ ಪಾಸ್ತಾಸಾ ನ್ಯಾಯಾಲಯದಲ್ಲಿ ಗೆದ್ದರು.

ಘಟ್ಟದಂಚು

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ಮದ್ದಿನ ಗಿಡಗಳ ಪಟ್ಟಿ ಕೇಳುತ್ತಿದ್ದಾರೆ. ಕೊಡಬಹುದೇ?

ನಮೂನೆ ಸಿ

ಗಿಡದ ಹೆಸರು, ಕಾಡಿನಲ್ಲಿ ಎಷ್ಟಿದೆ, ಯಾವ ತಿಂಗಳು ಹೂ ಬಿಡುತ್ತದೆ, ಇಷ್ಟು ಕೊಡಿ. ಯಾವ ಭಾಗ, ಯಾವುದರ ಜೊತೆ ಅರೆದು, ಎಷ್ಟು ಕೊಡಬೇಕು ಎಂಬುದನ್ನು ಕೊಡಬೇಡಿ. ಜೀವವೈವಿಧ್ಯ ದಾಖಲೆಗೆ ಸೇರಿದ್ದು ಎಷ್ಟು ಕೈ ದಾಟುತ್ತದೋ ಹೇಳಲಾಗದು. ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಪಾರಂಪರಿಕ ಜ್ಞಾನದ ಮೇಲಿನ ಹಕ್ಕನ್ನು ಸಮುದಾಯಕ್ಕೇ ಕೊಟ್ಟಿದೆ. ಅದನ್ನು ಉಲ್ಲೇಖಿಸಿ, 'ಬಳಕೆಯ ವಿವರ ಗ್ರಾಮಸಭೆಯಲ್ಲಿದೆ, ಕೇಳುವವರು ಗ್ರಾಮಸಭೆಗೆ ಬರಹದಲ್ಲಿ ಕೇಳಬೇಕು' ಎಂದು ಠರಾವು ಮಾಡಿ, ಅದರ ಪ್ರತಿಯನ್ನು ಪಟ್ಟಿಯ ಜೊತೆಗೇ ಲಗತ್ತಿಸಿ.