ಇಲಿ ಕರುಳಿನ ಆರ್ಗನಾಯ್ಡ್ ಬರೀ ಗುಂಡಗಿವೆ, ಮೊಗ್ಗು ಒಡೆಯುತ್ತಿಲ್ಲ

ಕ್ರಿಪ್ಟ್_ಕಾಟ (ಮೈಸೂರು):
ಪಿಎಚ್‌ಡಿ ಎರಡನೇ ವರ್ಷ. ಇಲಿಯ ಸಣ್ಣಕರುಳಿನ ಕ್ರಿಪ್ಟ್ (ಒಳಗೋಡೆಯ ಪುಟ್ಟ ಗುಳಿ) ತೆಗೆದು ಪ್ರೋಟೀನ್ ಜೆಲ್ ಆದ ಮ್ಯಾಟ್ರಿಜೆಲ್‌ನಲ್ಲಿ ಆರ್ಗನಾಯ್ಡ್, ಅಂದರೆ ಪುಟ್ಟ ಕರುಳಿನಂಥ ಕೋಶಗುಚ್ಛ, ಬೆಳೆಸುತ್ತಿದ್ದೇನೆ. ಆರು ದಿನ ಆಯ್ತು. ಸಾಯುತ್ತಿಲ್ಲ, ದೊಡ್ಡವೂ ಆಗುತ್ತಿವೆ. ಆದರೆ ಎಲ್ಲವೂ ನೀರುಗುಳ್ಳೆ ತರಹ ಗುಂಡಗೆ. ಮ್ಯಾಟ್ರಿಜೆಲ್ ಹೊಸದು, ಐಸ್ ಮೇಲೇ ಕರಗಿಸಿದ್ದು. ಮೂರು ಸಲವೂ ಇದೇ ಕಥೆ. ಗೈಡ್ ಕಣ್ಣಿಗೆ ಬೀಳದೆ ಓಡಾಡುತ್ತಿದ್ದೇನೆ.

ಆಲೆಮನೆ (ಮಂಡ್ಯ):
ಮೀಡಿಯಂ (ಕೋಶ ಬೆಳೆಸುವ ದ್ರವ) ಯಾವುದು ಅಂತ ಹೇಳಲೇ ಇಲ್ಲ.

ಕ್ರಿಪ್ಟ್_ಕಾಟ:
ಪಕ್ಕದ ಲ್ಯಾಬಿನವರು ಕೊಟ್ಟದ್ದು ಸಾರ್. ಎಲ್-ಡಬ್ಲ್ಯುಆರ್‌ಎನ್ ಜೀವಕೋಶದ ಕಂಡೀಷನ್ಡ್ ಮೀಡಿಯಂ (ಆ ಕೋಶಗಳು ಬೆಳೆದು ತಮ್ಮ ಪ್ರೋಟೀನ್ ಬಿಟ್ಟ ದ್ರವ), ಅರ್ಧಕ್ಕರ್ಧ.

ಆಲೆಮನೆ:
ಸಿಕ್ಕಿತು ನೋಡಿ. ಆ ಹೆಸರಿನ 'ಡಬ್ಲ್ಯು' ಅಂದರೆ ವಿಂಟ್3ಎ ಎಂಬ ಸಂಕೇತ ಪ್ರೋಟೀನ್. ಇಲಿಯ ಸಣ್ಣಕರುಳಿಗೆ ಅದನ್ನು ಹೊರಗಿನಿಂದ ಸುರಿಯಬೇಕಿಲ್ಲ. 2009ರಲ್ಲಿ ಸಾಟೋ, ಕ್ಲೆವರ್ಸ್ ಎಂಬ ವಿಜ್ಞಾನಿಗಳ ತಂಡ ಇಜಿಎಫ್, ನಾಗಿನ್, ಆರ್-ಸ್ಪಾಂಡಿನ್ ಎಂಬ ಮೂರು ಪ್ರೋಟೀನ್ (ಒಟ್ಟಿಗೆ ಇಎನ್‌ಆರ್) ಹಾಕಿ ಒಂದೇ ಒಂದು ಎಲ್‌ಜಿಆರ್5 ಗುರುತಿನ ಕಾಂಡಕೋಶದಿಂದ (ಬೇರೆ ಕೋಶಗಳನ್ನು ಹುಟ್ಟಿಸುವ ಮೂಲಕೋಶ) ಇಡೀ ರಚನೆ ಬೆಳೆಸಿತ್ತು. ಅದೇ ಬಳಗದ ವಿಂಟ್3 ಅನ್ನು ಕ್ರಿಪ್ಟ್ ತಳದ ಪ್ಯಾನೆತ್ ಜೀವಕೋಶಗಳೇ ಪಕ್ಕದ ಕಾಂಡಕೋಶಕ್ಕೆ ಕೊಡುತ್ತವೆ.

ನಮ್ಮ ನಾಲೆ ಲೆಕ್ಕ ಇದು. ತೂಬಿನ ಪಕ್ಕದ ಗದ್ದೆಗೆ ನೀರು ಜಾಸ್ತಿ, ಕೊನೆ ಗದ್ದೆಗೆ ಕಮ್ಮಿ. ವಿಂಟ್ ಜಾಸ್ತಿ ಇರುವಲ್ಲಿ ಕಾಂಡಕೋಶ ಉಳಿಯುತ್ತದೆ, ಮೊಗ್ಗು ಏಳುವುದೂ ಅಲ್ಲೇ. ದೂರ ಹೋದದ್ದು ಹೀರುವ ಕೋಶವೋ ಲೋಳೆ ಕೋಶವೋ ಆಗುತ್ತದೆ. ನೀವು ಎಲ್ಲಾ ಗದ್ದೆಗೂ ಒಂದೇ ಸಮ ನೀರು ಬಿಟ್ಟಿದ್ದೀರಿ. ಎಲ್ಲಿ ಮೊಗ್ಗು ಒಡೆಯಬೇಕು ಅಂತ ಅದಕ್ಕಾದರೂ ಹೇಗೆ ಗೊತ್ತಾಗಬೇಕು?

ಚಹಾ_ಪೈಪೆಟ್ (ಮೈಸೂರು):
ಡಿಎಪಿಟಿ ಎಂಬ ರಾಸಾಯನಿಕ ಹಾಕಿದರೆ ಬೇಗ ಬದಲಾಗಲ್ವಾ?

ಆಲೆಮನೆ:
ಬದಲಾಗುತ್ತೆ, ಆದರೆ ಬೇಡದ ಕಡೆಗೆ. ಅದು ನಾಚ್ ಅನ್ನುವ, ಪಕ್ಕಪಕ್ಕದ ಕೋಶಗಳ ನಡುವಿನ ಸಂಕೇತವನ್ನು ತಡೆಯುತ್ತದೆ. ನಾಚ್ ಚಾಲೂ ಇದ್ದರೆ ಎಚ್‌ಇಎಸ್1 ಜೀನ್ ಏಟಿಒಎಚ್1 ಜೀನನ್ನು ಅದುಮಿಡುತ್ತದೆ, ಕೋಶ ಹೀರುವ ಜಾತಿಗೆ ಸೇರುತ್ತದೆ. ನಾಚ್ ನಿಂತರೆ ಏಟಿಒಎಚ್1 ತಲೆ ಎತ್ತುತ್ತದೆ, ಸ್ರವಿಸುವ ಕೋಶ ಹುಟ್ಟುತ್ತದೆ. ಕಾಂಡಕೋಶ ಉಳಿಯೋಕೂ ನಾಚ್ ಬೇಕು. ಡಿಎಪಿಟಿ ಸುರಿದರೆ ಲೋಳೆ ಕೋಶಗಳ ಜಾತ್ರೆ, ಬಿತ್ತನೆಯಂಥ ಕಾಂಡಕೋಶ ಖಾಲಿ.

ಗುಂಡುಗಳನ್ನು ಪೈಪೆಟ್‌ನಲ್ಲಿ ಒಡೆದು, ಹೊಸ ಮ್ಯಾಟ್ರಿಜೆಲ್‌ನಲ್ಲಿಟ್ಟು ಇಎನ್‌ಆರ್ ಹಾಕಿ. ತಟ್ಟೆಯ ಒಂದು ಗುಳಿಯಲ್ಲಿ ಹಳೇ ಮೀಡಿಯಂ ಹಾಗೇ ಇರಲಿ, ಹೋಲಿಸೋಕೆ. ಸುಮ್ನೆ ದಿನಾ ತೆಗೆದು ನೋಡಬೇಡಿ.

ಕ್ರಿಪ್ಟ್_ಕಾಟ (ಎಂಟು ದಿನದ ನಂತರ):
ನಾಲ್ಕನೇ ದಿನವೇ ಮೊಗ್ಗು ಬಂತು ಸಾರ್! ಹಳೇ ಮೀಡಿಯಂನವು ಇನ್ನೂ ಗುಂಡಗೇ ಇವೆ. ಉಳಿದ ಬಾಟಲಿ ಬಿಸಾಡಲಾ? ಮುಂದಿನ ವಾರ ದೊಡ್ಡಕರುಳು ಶುರು.

ಆಲೆಮನೆ:
ಅಯ್ಯೋ, ಬಿಸಾಡಬೇಡಿ! ದೊಡ್ಡಕರುಳಿನಲ್ಲಿ ಪ್ಯಾನೆತ್ ಕೋಶ ಇಲ್ಲ. ಅಲ್ಲಿ ಆ ವಿಂಟ್ ಬೇಕೇ ಬೇಕು.