ರಾಕೆಟ್ಟಿಗೆ ‘ನಿವೃತ್ತಿ’ ಅನ್ನಬಹುದಾ? ‘ಕೊನೆಯ ಹಾರಾಟ’ದ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ,

ಡೆಲ್ಟಾ ಫೋರ್ ಹೆವಿ ಅನ್ನೋ ಅಮೆರಿಕದ ದೊಡ್ಡ ರಾಕೆಟ್ಟಿನ ಕೊನೆಯ ಕೆಲವು ಹಾರಾಟಗಳ ಬಗ್ಗೆ ಮಕ್ಕಳಿಗೆ ಅಂತ ಒಂದು ಬರಹ ಬರೀತಾ ಇದೀನಿ, ಒಂದು ಪದದ ಹತ್ರ ಬಂದು ನಾಲ್ಕು ದಿನದಿಂದ ಮುಂದಕ್ಕೇ ಹೋಗಿಲ್ಲ. "2024ರ ಏಪ್ರಿಲ್ 9ರಂದು ಡೆಲ್ಟಾ ಫೋರ್ ಹೆವಿ ನಿವೃತ್ತಿಯಾಯಿತು" ಅಂತ ಬರೆದಿದ್ದೆ. ಸುದ್ದಿಗಳಲ್ಲೂ ಹೀಗೇ ಬರೆಯೋದು, ನನಗೂ ಏನೂ ಅನ್ನಿಸಿರಲಿಲ್ಲ. ಅಕ್ಕನ ಮಗಳಿಗೆ ಓದೋಕೆ ಕೊಟ್ಟೆ, ಅವಳು ಪೂರ್ತಿ ಓದಿ ಕೇಳಿದ್ದು ಒಂದೇ: "ಹಂಗಾದ್ರೆ ಈಗ ಅದನ್ನ ಎಲ್ಲಿಟ್ಟಿದಾರೆ?"

ಎಲ್ಲೂ ಇಟ್ಟಿಲ್ಲ! 2004ರಿಂದ 2024ರ ತನಕ ಹೆವಿ ಹಾರಿದ್ದು 16 ಸಲ, ಆದರೆ ಆ 16 ಸಲವೂ ಹಾರಿದ್ದು ಬೇರೆ ಬೇರೆ ರಾಕೆಟ್ಟು. ಮೂರು ಬೂಸ್ಟರ್ ಅಕ್ಕಪಕ್ಕ ನಿಲ್ಲಿಸಿ ಕಟ್ಟಿರ್ತಾರೆ, ಇಂಧನ ಮುಗಿದ ಮೇಲೆ ಅವು ಕಳಚಿ ಸಮುದ್ರಕ್ಕೆ ಬೀಳ್ತವೆ, ಯಾವುದೂ ವಾಪಸ್ ಬರಲ್ಲ. ‘ನಿವೃತ್ತಿಯಾಯಿತು’ ಅಂದ ತಕ್ಷಣ ಮಗು ಮನಸ್ಸಲ್ಲಿ ಏನಾಯ್ತು ಅಂದ್ರೆ, ಇಪ್ಪತ್ತು ವರ್ಷ ದುಡಿದ ಒಂದೇ ಒಂದು ರಾಕೆಟ್ಟು ಈಗ ಮನೇಲಿ ಆರಾಮಾಗಿ ಕೂತಿದೆ ಅಂತ. ಅವಳದ್ದೇನೂ ತಪ್ಪಿಲ್ಲ, ಪದ ಹೇಳೋದೇ ಅದನ್ನ.

ಪದದ ಬುಡಕ್ಕೆ ಹೋದ್ರೆ ತೊಡಕು ಇನ್ನೂ ಜಾಸ್ತಿ. ನಾವೆಲ್ಲ ‘ವೃತ್ತಿ ಬಿಡೋದು ನಿವೃತ್ತಿ’ ಅಂದ್ಕೊಂಡಿರ್ತೀವಿ, ಆದರೆ ಅಲ್ಲಿರೋದು ಸಂಸ್ಕೃತದ ‘ವೃತ್’ ಧಾತು, ತಿರುಗು ಅಂತ ಅರ್ಥ, ‘ನಿ’ ಸೇರಿದರೆ ಹಿಂದಕ್ಕೆ ತಿರುಗೋದು, ಹಿಂದೆ ಸರಿಯೋದು. ಪ್ರವೃತ್ತಿ ಮುಂದಕ್ಕೆ, ನಿವೃತ್ತಿ ಹಿಂದಕ್ಕೆ. ಹಿಂದಕ್ಕೇ ತಿರುಗದ ರಾಕೆಟ್ಟಿಗೆ ಈ ಪದ ಹೊಂದುತ್ತಾ ಹೇಳಿ. ಜನರನ್ನ ಹೊತ್ತು ಹೋಗಿ ವಿಮಾನದ ಹಾಗೆ ಇಳೀತಿದ್ದ ಸ್ಪೇಸ್ ಶಟಲ್ಲಿಗೆ ಆದ್ರೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ: ಡಿಸ್ಕವರಿ ಅನ್ನೋ ಶಟಲ್ 39 ಸಲ ಹೋಗಿ ಬಂತು, ಅಟ್ಲಾಂಟಿಸ್ 2011ರ ಜುಲೈ 8ಕ್ಕೆ ಹೊರಟು 21ಕ್ಕೆ ತಿರುಗಿ ಬಂದು ರನ್‌ವೇ ಮೇಲೆ ನಿಂತಿತು, ಈಗ ಎರಡನ್ನೂ ಜನ ಕಣ್ಣಾರೆ ನೋಡಬಹುದು. ಅವಕ್ಕೆ ‘ವಿಶ್ರಾಂತ’ ಅಂದ್ರೂ ಸರಿಯೇ. ಕನ್ನಡದಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನಲ್ಲ, ‘ಹೋಗಿ ಬರ್ತೀನಿ’ ಅಂತೀವಿ. ಶಟಲ್ ಹೋಗಿ ಬರೋದು, ಹೆವಿ ಹೋಗೋದು ಅಷ್ಟೇ. ನನ್ನ ಪ್ರಕಾರ ಇಡೀ ವ್ಯತ್ಯಾಸ ಇರೋದೇ ಇಲ್ಲಿ.

(ಇದೇ ಮನೆತನದ ಡೆಲ್ಟಾ ಟೂ ಕಥೆ ಇನ್ನೂ ವಿಚಿತ್ರ. ಅದರ ಕೊನೆಯ ಹಾರಾಟ 2018ರ ಸೆಪ್ಟೆಂಬರಲ್ಲಿ ಆಯ್ತು, ಮಿಕ್ಕಿದ್ದ ಒಂದನ್ನ ಕೆನಡಿ ಬಾಹ್ಯಾಕಾಶ ಕೇಂದ್ರದ ರಾಕೆಟ್ ತೋಟದಲ್ಲಿ ನಿಲ್ಲಿಸಿದಾರೆ. ಹಾರಿದ್ದು ಯಾವುದೂ ಉಳಿದಿಲ್ಲ, ಉಳಿದಿರೋದು ಹಾರಲೇ ಇಲ್ಲ. ಅದನ್ನ ‘ನಿವೃತ್ತ ರಾಕೆಟ್’ ಅಂತ ಕರೆಯೋಕೆ ನನಗಂತೂ ಮನಸ್ಸು ಬರಲ್ಲ.)

ಸರಿ, ಆಡುಮಾತಿಗೆ ಬರೋಣ. ಒಂದು ಮಾದರಿಯ ಬೈಕೋ ರೇಡಿಯೋನೋ ತಯಾರಾಗೋದು ಬಿಟ್ಟರೆ ನಾವು ‘ಅದು ನಿಂತುಹೋಯ್ತು’, ‘ಈಗ ಬರಲ್ಲ’ ಅಂತೀವಿ. ಮಾದರಿಗೆ ಹೇಳೋ ಮಾತೇ ಅದು, ಆದ್ದರಿಂದ ಬಹಳ ಹತ್ತಿರ. ಆದರೆ ರಾಕೆಟ್ ವಿಷಯದಲ್ಲಿ ‘ನಿಂತುಹೋಯ್ತು’ಗೆ ಬೇರೆ ಅರ್ಥ ಆಗಲೇ ಬಂದು ಕೂತಿದೆ. ಮಾರ್ಚ್ 28ಕ್ಕೆ ಇದೇ ಕೊನೆಯ ಹೆವಿ ಹೊರಡಬೇಕಿತ್ತು, ನಾಲ್ಕು ನಿಮಿಷಕ್ಕಿಂತ ಕಮ್ಮಿ ಉಳಿದಿರುವಾಗ ಕೌಂಟ್‌ಡೌನ್ ನಿಂತುಹೋಯ್ತು, ನೈಟ್ರೋಜನ್ ಪೂರೈಸೋ ಪೈಪ್‌ಲೈನಿನ ಪಂಪಲ್ಲಿ ತೊಂದರೆ. ಅಂದ್ರೆ ‘ಹೆವಿ ನಿಂತುಹೋಯ್ತು’ ಅಂದ್ರೆ ಮಾರ್ಚ್ 28ರ ಸುದ್ದಿ, ಏಪ್ರಿಲ್ 9ರದ್ದಲ್ಲ.

‘ಮೂಲೆ ಸೇರಿತು’ ಆಗಲ್ಲ, ಮೂಲೆ ಸೇರೋಕೆ ವಸ್ತು ಉಳಿದಿರಬೇಕು. ‘ವಿದಾಯ ಹೇಳಿತು’ ಅಷ್ಟೇನೂ ಕೆಟ್ಟದಲ್ಲ, ಆದರೆ ಕ್ರಿಕೆಟ್ ಸುದ್ದಿಯಲ್ಲಿ ದಿನಾ ಓದಿ ಓದಿ ಸವೆದುಹೋಗಿದೆ.

ನನಗೆ ಈಗ ಹಿಡಿಸಿರೋದು ‘ಕುಡಿ’. ಡೆಲ್ಟಾ ಅನ್ನೋದು 1960ರಿಂದ ಬಂದ ಮನೆತನ, ಥಾರ್ ಕ್ಷಿಪಣಿಯ ಮೇಲೆ ಕಟ್ಟಿದ ನಾಲ್ಕನೇ ಬಗೆ ಅಂತ ಗ್ರೀಕಿನ ನಾಲ್ಕನೇ ಅಕ್ಷರದ ಹೆಸರು ಬಂತು. ಏಪ್ರಿಲ್ 9ಕ್ಕೆ ಹಾರಿದ್ದು 389ನೇ ಡೆಲ್ಟಾ. ‘ಡೆಲ್ಟಾ ವಂಶದ ಕೊನೆಯ ಕುಡಿ ಹಾರಿತು’ ಅಂದ್ರೆ ಮುಗಿದಿದ್ದು ವಂಶ, ಹಾರಿದ್ದು ಅದರ ಒಂದು ಕುಡಿ, ಎರಡೂ ಒಂದೇ ವಾಕ್ಯದಲ್ಲಿ ಬರುತ್ತೆ. ಮಗುಗೂ ಅರ್ಥ ಆಯ್ತು, ಕೇಳಿ ನೋಡಿದೆ.

ಇನ್ನೊಂದು ತೊಡಕು ‘ಕೊನೆಯ’ ಅನ್ನೋದರಲ್ಲಿ. ಹೆವಿ ಕಡೆಕಡೆಗೆ ವರ್ಷಕ್ಕೊಂದು ಅನ್ನೋ ಹಾಗೆ ಹಾರಿತು, 2020, 2021, 2022, 2023, 2024, ಐದಕ್ಕೂ ಹೊತ್ತಿದ್ದು ಗೂಢಚರ್ಯೆ ಉಪಗ್ರಹ. 2022ರ ಸೆಪ್ಟೆಂಬರ್ 24ರದ್ದು ಕ್ಯಾಲಿಫೋರ್ನಿಯಾದ ಉಡಾವಣಾ ನೆಲೆ ವ್ಯಾಂಡೆನ್‌ಬರ್ಗಿನಿಂದ ಕೊನೆಯದು, ಆದರೆ ಹೆವಿಗೆ ಕೊನೆಯದಲ್ಲ, ಆಮೇಲೆ ಇನ್ನೆರಡು ಫ್ಲೋರಿಡಾದ ನೆಲೆ ಕೇಪ್ ಕೆನವೆರಲಿನಿಂದ ಹಾರಿದವು. ಎಲ್ಲಕ್ಕೂ ‘ಕೊನೆಯ ಹಾರಾಟ’ ಅಂತ ಬರೆದು ಬರೆದು ನನಗೇ ಗೋಜಲಾಯ್ತು. ಆಮೇಲೆ ಹೊಳೀತು, ಇದಕ್ಕೆ ಬೇಕಾದ್ದೆಲ್ಲ ನಮ್ಮ ಮಾತಲ್ಲೇ ಇದೆಯಲ್ಲ: ಐದಕ್ಕೂ ಸೇರಿಸಿ ‘ಕೊನೆಕೊನೆಯ ಹಾರಾಟಗಳು’, ಏಪ್ರಿಲ್ 9ರದ್ದಕ್ಕೆ ಮಾತ್ರ ‘ಕಟ್ಟಕಡೆಯ ಹಾರಾಟ’. ನಟ್ಟನಡು, ತುತ್ತತುದಿ, ಮೊತ್ತಮೊದಲು ಇದ್ದ ಹಾಗೆ ಕಟ್ಟಕಡೆ, ಅದರ ಆಚೆಗೆ ಇನ್ನೊಂದಿಲ್ಲ. ‘ಅಂತಿಮ’ ಮಾತ್ರ ಬೇಡವೇ ಬೇಡ ಅಂತ ತೀರ್ಮಾನ ಮಾಡಿದೀನಿ. ‘ಅಂತಿಮ ಯಾತ್ರೆ’, ‘ಅಂತಿಮ ದರ್ಶನ’ ಕೇಳಿದ ಕಿವಿಗೆ ‘ಅಂತಿಮ ಯಾನ’ ಅಂದ್ರೆ ಹೆಣದ ಮುಂದೆ ನಿಂತ ಹಾಗಾಗುತ್ತೆ.

‘ಹಾರಾಟ’ನಾ ‘ಉಡಾವಣೆ’ನಾ ಅನ್ನೋದಕ್ಕೆ ನನ್ನ ಅಭಿಪ್ರಾಯ, ಎರಡೂ ಬೇಕು. ಉಡಾವಣೆ ಮನುಷ್ಯರು ಮಾಡೋದು, ಹಾರಾಟ ರಾಕೆಟ್ಟಿನದು. 2004ರ ಡಿಸೆಂಬರ್ 21ಕ್ಕೆ ಮೊತ್ತಮೊದಲ ಹೆವಿಯ ಉಡಾವಣೆ ಸರಿಯಾಗೇ ಆಯ್ತು, ಹಾರಾಟದಲ್ಲಿ ಎಂಜಿನ್ನುಗಳು ಬೇಗ ಆರಿಹೋಗಿ ಅಂದುಕೊಂಡ ಕಕ್ಷೆ ಸಿಗಲಿಲ್ಲ. ಒಂದೇ ಪದ ಇಟ್ಟುಕೊಂಡರೆ ಇದನ್ನ ಹೇಳೋದು ಕಷ್ಟ. ಆದರೂ ‘ಹಾರಾಟ’ದ ‘ಆಟ’ ಸ್ವಲ್ಪ ಚುಚ್ಚುತ್ತೆ, ಓಡಾಟ, ತಿರುಗಾಟ, ಅಲೆದಾಟ, ಎಲ್ಲದರಲ್ಲೂ ಮತ್ತೆ ಮತ್ತೆ ಮಾಡೋದು ಇದೆ. ಹದ್ದಿನದು ಹಾರಾಟ. ಒಂದೇ ಸಲ ಏರಿ ಮುಗಿಯೋದಕ್ಕೂ ಅದೇನಾ?

ಆ ಏರೋ ಗಳಿಗೆಗೂ ಪದ ಹುಡುಕ್ತಾ ಇದೀನಿ. ಹೆವಿಯ ಎಂಜಿನ್ ಹೊತ್ತೋ ಮುಂಚೆ ಸ್ವಲ್ಪ ಹೈಡ್ರೋಜನ್ ಮೊದಲೇ ಹೊರಗೆ ಬರುತ್ತೆ, ಅದು ಗಾಳಿಗಿಂತ ಹಗುರ ಆದ್ದರಿಂದ ರಾಕೆಟ್ಟಿನ ಮೈಗೆ ತಾಗಿಕೊಂಡೇ ಮೇಲಕ್ಕೆ ಹೋಗುತ್ತೆ, ಕಿಡಿ ತಾಗಿದ ಕೂಡಲೇ ಬುಡದಿಂದ ಎದ್ದ ಬೆಂಕಿ ಮೂರೂ ಬೂಸ್ಟರನ್ನ ನೆಕ್ಕಿಬಿಡುತ್ತೆ, ಕಿತ್ತಳೆ ಬಣ್ಣದ ಹೊದಿಕೆ ಕಪ್ಪಗೆ ಕರಕಲಾಗಿರುತ್ತೆ, ಅದೇ ಮೈಯಲ್ಲಿ ಆ ಬೆಂಕಿಯೊಳಗಿಂದ ನಿಧಾನಕ್ಕೆ ಮೇಲೇಳುತ್ತೆ. ಸುದ್ದಿಯವರು ಬರೆಯೋ ‘ನಭಕ್ಕೆ ಚಿಮ್ಮಿತು’ ಇದಕ್ಕೆ ಸುತರಾಂ ಆಗಲ್ಲ, ಚಿಮ್ಮೋದು ಚಟ್ಟನೆ ಆಗೋ ಕೆಲಸ, ಹೆವಿ ಚಿಮ್ಮಲ್ಲ. ಸದ್ಯಕ್ಕೆ ‘ಎದ್ದಿತು’ ಅಂತಷ್ಟೇ ಬರೆದಿದೀನಿ.

ಹಾಗಾಗಿ ಬಲ್ಲವರು ಇಷ್ಟು ಹೇಳಿ: ‘ಕೊನೆಯ ಕುಡಿ’ ಅನ್ನೋದು ಯಂತ್ರಕ್ಕೆ ಅತಿಯಾಯ್ತಾ? ‘ಕೊನೆಕೊನೆಯ’ ಮತ್ತು ‘ಕಟ್ಟಕಡೆಯ’ ಅಕ್ಕಪಕ್ಕ ಬಂದರೆ ಓದೋವಾಗ ವ್ಯತ್ಯಾಸ ತಿಳಿಯುತ್ತಾ? ಮತ್ತೆ ಭಾರ ಹೊತ್ತು ನಿಧಾನಕ್ಕೆ ಮೇಲೇಳೋದಕ್ಕೆ ‘ಎದ್ದಿತು’ಗಿಂತ ತೂಕದ ಕ್ರಿಯಾಪದ ನಿಮ್ಮ ಕಡೆ ಮಾತಲ್ಲಿ ಯಾವುದಾದ್ರೂ ಇದೆಯಾ?