ಓಡುವ ಕಾರಿಗೆ ರಸ್ತೆಬದಿಯ ವೈಫೈ ಸಾಕಾಗುವುದೇ?

ಪ್ರಶ್ನೆ: ರಸ್ತೆಬದಿಯ ಮನೆ, ಅಂಗಡಿಗಳ ವೈಫೈ ಕೇಂದ್ರಗಳನ್ನೇ ಒಂದಾದ ಮೇಲೊಂದರಂತೆ ಬಳಸಿ ಓಡುವ ಕಾರಿಗೆ ಅಂತರಜಾಲ ಒದಗಿಸಲು ಸಾಧ್ಯವೇ? ಒಂದು ಕೇಂದ್ರದ ವ್ಯಾಪ್ತಿಯನ್ನು ಕಾರು ಕೆಲವೇ ಸೆಕೆಂಡುಗಳಲ್ಲಿ ದಾಟುವುದರಿಂದ, ಸಂಪರ್ಕ ಕುದುರುವ ಮೊದಲೇ ತಪ್ಪಿಹೋಗುವುದಿಲ್ಲವೇ?

ಉತ್ತರ 1: ತಾವು ಗುರುತಿಸಿರುವುದೇ ಮುಖ್ಯ ತೊಡಕು. ಅಮೆರಿಕದ ಎಂಐಟಿ ಸಂಶೋಧಕರು ಬಾಸ್ಟನ್ನಿನ ಟ್ಯಾಕ್ಸಿಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ 'ಕ್ಯಾಬರ್ನೆಟ್' ಪ್ರಯೋಗದಲ್ಲಿ, ಚಾನೆಲ್ (ಕೇಂದ್ರ ಬಳಸುವ ರೇಡಿಯೊ ಪಟ್ಟಿ) ಹುಡುಕುವುದು, ಕೇಂದ್ರಕ್ಕೆ ಸೇರಿಕೊಳ್ಳುವುದು, ಐಪಿ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಪಡೆಯುವುದು ಎಂಬ ಬಿಡಿ ಹಂತಗಳನ್ನೆಲ್ಲ ಒಂದೇ ತಂತ್ರಾಂಶದೊಳಗೆ ಬೆಸೆದು, 10 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿದ್ದ ಕೆಲಸವನ್ನು ಸರಾಸರಿ 400 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಸಲಾಯಿತು.

ಉತ್ತರ 2: ಬೇಗ ಸೇರಿಕೊಂಡರಷ್ಟೇ ಸಾಲದು. ಗಾಳಿಯಲ್ಲಿ ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದರೆ, ಅಂತರಜಾಲದ ರವಾನೆಯನ್ನು ನಿಯಂತ್ರಿಸುವ ಟಿಸಿಪಿ ಎಂಬ ನಿಯಮಾವಳಿಯು ಅದನ್ನು ಜಾಲದ ದಟ್ಟಣೆಯೆಂದೇ ಭಾವಿಸಿ ವೇಗ ತಗ್ಗಿಸುತ್ತದೆ. ಆದ್ದರಿಂದ ಆ ತಂಡವು ಗಾಳಿಯಲ್ಲಾದ ನಷ್ಟ, ಜಾಲದ ದಟ್ಟಣೆ ಇವೆರಡನ್ನೂ ಬೇರ್ಪಡಿಸಿ ನೋಡುವ ಪ್ರತ್ಯೇಕ ಪ್ರೋಟೊಕಾಲನ್ನೂ (ರವಾನೆಯ ನಿಯಮಾವಳಿ) ರೂಪಿಸಿತು. ಆದರೂ ಎರಡು ಕೇಂದ್ರಗಳ ನಡುವಿನ ಖಾಲಿ ಜಾಗ ಹಾಗೆಯೇ ಉಳಿಯುತ್ತದೆ. ಸಂಚಾರದ ಮಾಹಿತಿ, ಕಡತಗಳ ರವಾನೆ ಸ್ವಲ್ಪ ಕಾಯಬಲ್ಲವು; ಫೋನ್ ಸಂಭಾಷಣೆಗೆ ಇದು ಹೊಂದದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು: ಧನ್ಯವಾದ. ಪಾಸ್‌ವರ್ಡ್ ಇರುವ ಕೇಂದ್ರಗಳನ್ನು ಹೇಗೆ ಬಳಸುವುದು?

ಉತ್ತರ 1: ಆ ಪ್ರಯೋಗ ನೆಚ್ಚಿಕೊಂಡಿದ್ದು ಪಾಸ್‌ವರ್ಡ್ ಇಲ್ಲದ ತೆರೆದ ಕೇಂದ್ರಗಳನ್ನು, ಇಂದು ಅವು ವಿರಳ. ಕೇಂದ್ರ ಬದಲಿಸುವಾಗ ದೃಢೀಕರಣವನ್ನು ಬೇಗ ಮುಗಿಸುವ 802.11ಆರ್ ಎಂಬ ವೈಫೈ ಮಾನಕವಿದೆಯಾದರೂ, ಅದು ಒಂದೇ ಜಾಲದ ಕೇಂದ್ರಗಳ ನಡುವೆ ಮಾತ್ರ ನೆರವಾಗುತ್ತದೆ.